ಗುಡ್ಡದ ಬಂಗಲೆಯಲ್ಲಿ ಊದಿದ ಸೀಟಿ

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಹಿಂದಿನ ವರ್ಷ. ನಿಜಾಮರ ರಾಜ್ಯ. ನಾನು ಆಗ ಶಹಾಬಾದದ ತಹತಾನಿಯಾ ಮದರಸೆಯಲ್ಲಿ, ಅಂದರೆ ಪ್ರಾಥಮಿಕ ಶಾಲೆಯಲ್ಲಿ, ಸಣ್ಣ ಮಕ್ಕಳಿಗೆ ಕಲಿಸುವ ಅಕ್ಕೋರು. ಪಾಟಿಯ ಮೇಲೆ ಅಕ್ಷರ ತೀಡಿಸುವುದು, ಮಗ್ಗಿ ಒಪ್ಪಿಸಿಕೊಳ್ಳುವುದು, ಮೂಗು ಒರೆಸುವುದು, ಚಡ್ಡಿಯ ಲಾಡಿ ಕಟ್ಟುವುದು, ಜಗಳ ಬಿಡಿಸುವುದು, ಇಷ್ಟೇ ನನ್ನ ಕೆಲಸ. ಇಷ್ಟೇ ಅಂದೆ ನೋಡಿ, ಮಾಡಿದವರಿಗೇ ಗೊತ್ತು ಅದರ ರುಚಿ. ನಾನು ಚಿತ್ತಾಪುರದ ವೈಷ್ಣವರ ಮನೆಯ ಮಗಳು, ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವಳು. "ಹೆಣ್ಣಾಗಿ ನೌಕರಿ ಮಾಡ್ತಾಳಂತ!" ಅಂದವರು ಅಂದುಕೊಳ್ಳಲಿ ಅಂತ ಬಿಟ್ಟು ಬಂದಿದ್ದೆ. ನನ್ನ ನಾಲಿಗೆ ಆಗಲೂ ಚುರುಕು, ಈಗಲೂ ಚುರುಕು.

ಶಾಲೆಯಲ್ಲಿ ಎರಡು ನಮೂನೆ ಮಕ್ಕಳಿದ್ದವು. ಪೇಟೆಯ ಕಡೆಯವರು, ಅಂದರೆ ವ್ಯಾಪಾರಸ್ತರ, ರೈಲ್ವೆಯವರ, ಕಚೇರಿಯವರ ಮಕ್ಕಳು. ಎಣ್ಣೆ ಹಚ್ಚಿ ಬಾಚಿದ ತಲೆ, ಕೇಳಿದ್ದಕ್ಕೆ ಪಟ್ಟನೆ ಉತ್ತರ. ಇನ್ನೊಂದು, ಊರಾಚೆ ಗುತ್ತೇದಾರರ ಖಣಿಗಳಲ್ಲಿ ಕಲ್ಲು ಒಡೆಯುವವರ ಮಕ್ಕಳು. ಇವರ ತಲೆಗೂದಲ ಮೇಲೆ ಯಾವಾಗಲೂ ಕಲ್ಲಿನ ಬಿಳಿ ಪುಡಿ. ಮಾತು ಕಡಿಮೆ, ಕಣ್ಣು ದೊಡ್ಡವು.

ಒಂದು ದಿನ ಪಾಠದಲ್ಲಿ ಗುಡ್ಡ ಅಂತ ಬಂತು. ನಮ್ಮದು ಹಾಸಿಟ್ಟ ಚಾಪೆಯಂಥ ನೆಲ, ಮಕ್ಕಳು ಗುಡ್ಡ ನೋಡಿದವರಲ್ಲ. ಕೈ ಆಡಿಸಿ ಆಡಿಸಿ ತೋರಿಸಿದೆ. ಹಿಂದಿನ ಸಾಲಿನಿಂದ ಸಾಬಮ್ಮ ಅನ್ನುವ ಖಣಿಯ ಹುಡುಗಿ, ಏಳು ವರ್ಷದವಳು, ಮೆಲ್ಲಗೆ ಕೇಳಿದಳು: "ಗುಡ್ಡ ಅಂದ್ರ ಖಣಿ ಬೋರಲ ಹಾಕಿದಂಗ ಇರ್ತದೇನ್ರಿ ಅಕ್ಕೋರ?"

ನಾನು ನಕ್ಕುಬಿಟ್ಟೆ. ಆಮೇಲೆ ಯೋಚಿಸಿದೆ, ಇಷ್ಟು ಚಂದದ ಪ್ರಶ್ನೆ ಕೇಳಿದ ಕೂಸಿಗೆ ಗುಡ್ಡ ತೋರಿಸದಿದ್ದರೆ ನಾನೆಂಥ ಅಕ್ಕೋರು? ಹೆಡ್ ಮಾಸ್ತರರ ಬೆನ್ನು ಹತ್ತಿದೆ. ಚಿಂಚೋಳಿಯ ಕಾಡಿನ ಗುಡ್ಡದ ಮೇಲೆ ಜಾಗೀರದಾರರೊಬ್ಬರ ಶಿಕಾರಿ ಬಂಗಲೆ ಇತ್ತು. ವರ್ಷದಲ್ಲಿ ಹತ್ತು ತಿಂಗಳು ಬೀಗ ಹಾಕಿಯೇ ಇರುವುದು. ಹೆಡ್ ಮಾಸ್ತರರು ಅಲ್ಲಿ ಇಳಿದುಕೊಳ್ಳಲು ಇಜಾಜತು, ಅಂದರೆ ಪರವಾನಗಿ, ತಂದರು. ನನ್ನ ಜೊತೆಗೆ ಡ್ರಿಲ್ ಮಾಸ್ತರ ಗುಂಡೇರಾವ್ ಬರುವುದೆಂದಾಯಿತು. ಅವರು ಹೊಸದಾಗಿ ಹೈದರಾಬಾದಿನಲ್ಲಿ ಸ್ಕೌಟ್ ತರಬೇತಿ ಮುಗಿಸಿ ಬಂದಿದ್ದರು. ಖಾಕಿ ಚಡ್ಡಿ, ಕೊರಳಲ್ಲಿ ದಾರಕ್ಕೆ ಕಟ್ಟಿದ ಹಿತ್ತಾಳೆಯ ಸೀಟಿ. ಆ ಸೀಟಿಯನ್ನು ಅವರು ದಿನಕ್ಕೆರಡು ಸಲ ಒರೆಸುತ್ತಿದ್ದರು, ಆದರೆ ಊದಿದ್ದನ್ನು ನಾನು ಕಂಡಿರಲಿಲ್ಲ. ಶಾಲೆಯಲ್ಲಿ ಗಂಟೆಯದೇ ಕಾರುಬಾರು.

ಹೊರಡುವ ಮುಂಜಾನೆ ಸ್ಟೇಷನ್ನಿಗೆ ತಾಯಿತಂದೆಯರೆಲ್ಲ ಬುತ್ತಿಗಂಟು ಹಿಡಿದು ಬಂದಿದ್ದರು. ಸಾಬಮ್ಮನ ಅಪ್ಪ ಮರೆಪ್ಪ ಎಲ್ಲರಿಗಿಂತ ದೂರ ನಿಂತಿದ್ದ. ಅವನ ಬಲಗೈ ಮೊಣಕೈಯಿಂದ ಕೆಳಗೆ ಇರಲಿಲ್ಲ. ಖಣಿಯಲ್ಲಿ ಸುರಂಗ ಹಾರುವಾಗ, ಅಂದರೆ ಮದ್ದು ತುಂಬಿ ಬಂಡೆ ಸಿಡಿಸುವಾಗ, ಹೋಯಿತೆಂದು ಕೇಳಿದ್ದೆ. ಎಡಗೈಯಿಂದಲೇ ಮಗಳ ಕೈಯನ್ನು ನನ್ನ ಕೈಯಲ್ಲಿಟ್ಟ.

"ಅಕ್ಕೋರ, ಇದರ ಅವ್ವ ಇಲ್ಲ. ನನಗ ಇದೊಂದೇ ಅದ. ಹ್ಯಾಂಗ ಒಯ್ದೀರಿ ಹಾಂಗ ತಂದು ಕೊಡ್ರಿ."

"ಹಾಂಗೇ ತಂದು ಕೊಡ್ತೀನಪ್ಪ, ಚಿಂತಿ ಬಿಡು" ಅಂದೆ. ಆಡುವುದೇನೋ ಆಡಿಬಿಟ್ಟೆ.

ವಾಡಿಯಲ್ಲಿ ಗಾಡಿ ಬದಲಿಸಿದೆವು. ನನ್ನ ಮಡಿಯೂ ಅಲ್ಲೇ ಇಳಿದು ಹೋಯಿತು. ಪೇಟೆಯ ಹುಡುಗಿಯೊಬ್ಬಳು ಮುಂಜಾನೆ ತಿಂದದ್ದನ್ನೆಲ್ಲ ನನ್ನ ಮಡಿಲಿಗೆ ಹಾಕಿದಳು. ಸೇಡಮ್ಮಿನಲ್ಲಿ ರೈಲು ಬಿಟ್ಟು, ಶೇಂಗಾ ಚೀಲ ಸಾಗಿಸುವ ಒಂದು ಲಾರಿಯಲ್ಲಿ ಮಕ್ಕಳನ್ನು ಚೀಲದಂತೆಯೇ ತುಂಬಿಕೊಂಡು ಚಿಂಚೋಳಿ ಮುಟ್ಟಿದೆವು. ಅಲ್ಲಿಂದ ಎತ್ತಿನ ಬಂಡಿ. ಗುಡ್ಡ ಕಂಡಾಗ ಮಕ್ಕಳ ಗದ್ದಲ ಒಮ್ಮೆಲೇ ನಿಂತಿತು. ಸಾಬಮ್ಮ ನನ್ನ ಸೆರಗು ಜಗ್ಗಿ, "ಇದನ್ಯಾರು ಇನ್ನಾ ಒಡದಿಲ್ಲೇನ್ರಿ?" ಅಂದಳು. "ಇಲ್ಲವ್ವ, ಹಾಂಗೇ ಬಿಟ್ಟಾರ" ಅಂದೆ. ಅವಳಿಗೆ ಭಾಳ ಸಮಾಧಾನವಾದಂತೆ ಕಂಡಿತು.

ಬಂಗಲೆ ಅಂದರೆ ಕಲ್ಲಿನ ಗೋಡೆಯ ಎರಡು ದೊಡ್ಡ ಕೋಣೆ, ಮುಂದೆ ಪಡಸಾಲೆ, ಹಿಂದೆ ಅಡಿಗೆಮನೆ, ಸುತ್ತ ಬಂಡೆ, ತೇಗದ ಗಿಡ, ಕೆಳಗೆ ಒಂದು ಹಳ್ಳ. ಚೌಕೀದಾರ ಖಾಸೀಂಸಾಬ ನಮ್ಮನ್ನು ಮದುವೆಯ ಬೀಗರಂತೆ ಎದುರುಗೊಂಡ. "ಬರ್ರಿ ಬರ್ರಿ, ಇಲ್ಲಿ ಬರೇ ಬಂದೂಕದವರೇ ಬರ್ತಿದ್ರು, ಈಗ ಬಚ್ಚಾಗೋಳು ಬಂದ್ವು. ಬಂಗಲಾಕ್ಕ ಜೀವ ಬಂತು ನೋಡ್ರಿ" ಅಂದ. ಮಧ್ಯಾಹ್ನ ಎಲ್ಲರ ಬುತ್ತಿ ಒಂದೇ ಚಾದರದ ಮೇಲೆ ಸುರಿದೆವು. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ, ಮಾದಲಿ. ಯಾರ ಮನೆಯದು ಯಾರ ಹೊಟ್ಟೆಗೆ ಹೋಯಿತೋ ಆ ದೇವರೇ ಬಲ್ಲ. ನಾನಂತೂ ನೋಡಲಿಲ್ಲ.

ಉಂಡ ಮೇಲೆ ಗುಂಡೇರಾವ್ ಮಾಸ್ತರರು ಮಕ್ಕಳನ್ನು ಪಡಸಾಲೆಯಲ್ಲಿ ಸಾಲಾಗಿ ನಿಲ್ಲಿಸಿ ಸೀಟಿ ತೋರಿಸಿದರು. "ಆಡ್ಲಿಕ್ಕೆ ಬಿಡ್ತೀನಿ. ನಾ ಸೀಟಿ ಊದಿದ ಕೂಡ್ಲೆ ಎಲ್ಲಾರೂ ಓಡಿ ಇಲ್ಲಿಗಿ ಬರಬೇಕು. ತಿಳೀತಾ?" ಎಲ್ಲ ತಲೆಗಳೂ ಅಲ್ಲಾಡಿದವು. ಖಾಸೀಂಸಾಬ ನನ್ನ ಕಿವಿಯ ಹತ್ತಿರ ಬಂದು, "ಹೊತ್ತು ಮುಳುಗೋದ್ರೊಳಗ ಒಳಗ ಕರೀರಿ ಅಕ್ಕೋರ. ಹಳ್ಳಕ್ಕ ಚಿರತಿ ನೀರಿಗಿ ಬರ್ತದ" ಅಂದ.

ಬಿಸಿಲು ಹಳದಿಯಾಗುತ್ತಿದ್ದಂತೆ ಮಾಸ್ತರರು ಎದೆ ತುಂಬ ಉಸಿರೆಳೆದು ಸೀಟಿ ಊದಿದರು. ಎಂಥ ಸೀಟಿ ಅಂತೀರಿ, ಗುಡ್ಡಕ್ಕೆ ಬಡಿದು ತಿರುಗಿ ಬಂತು. ಪೇಟೆಯ ಮಕ್ಕಳು ದಡದಡ ಓಡಿ ಬಂದು ಸಾಲು ನಿಂತರು. ಖಣಿಯ ಮಕ್ಕಳಲ್ಲಿ ಒಂದೂ ಬರಲಿಲ್ಲ. ಬರದಿರುವುದಿರಲಿ, ಆಗಷ್ಟೇ ಅಲ್ಲಿ ಆಡುತ್ತಿದ್ದವರು ಕಾಣಲಿಲ್ಲ. ನೆಲ ನುಂಗಿದಂತೆ ಮಾಯ.

ಮತ್ತೆ ಊದಿದರು. ಇಲ್ಲ. ಮತ್ತೆ. ಇಲ್ಲ. ಮಾಸ್ತರರ ಮುಖ ಕೆಂಪಾಯಿತು. "ನೋಡ್ರಿ ಅಕ್ಕೋರ, ನಾ ಮೊದಲೇ ಅಂದಿದ್ದೆ. ಇವಕ್ಕ ಶಿಸ್ತು ಅನ್ನೋದೇ ಗೊತ್ತಿಲ್ಲ. ಕಣ್ಣಾಮುಚ್ಚಾಲಿ ಆಡಾಕತ್ತಾವ ನಮ್ಮ ಜೋಡಿ!"

"ಶಿಸ್ತು ಆಮ್ಯಾಲ ಕಲಸ್ರೀ, ಮೊದಲ ಹುಡುಕ್ರಿ" ಅಂದೆ.

ಖಾಸೀಂಸಾಬ ಹಳ್ಳದ ಕಡೆ ಓಡಿದ. ಮಾಸ್ತರರು ತೇಗದ ಗಿಡಗಳ ನಡುವೆ ಸೀಟಿ ಊದುತ್ತ ಹೊರಟರು. ನಾನು ಬಂಗಲೆಯ ಮುಂದಿನ ಬಯಲಲ್ಲಿ ನಿಂತು ಒಬ್ಬೊಬ್ಬರ ಹೆಸರು ಹಿಡಿದು ಕೂಗಿದೆ. "ಸಾಬಮ್ಮಾ! ನನ್ನವ್ವಾ, ಬಾರವ್ವಾ! ಬೈಯಂಗಿಲ್ಲ, ಬಾ!" ಬಂಡೆಗಳು ಸುಮ್ಮನೆ ಕುಳಿತಿದ್ದವು. ಸೂರ್ಯ ಗುಡ್ಡದ ಭುಜಕ್ಕೆ ಬಂದಿದ್ದ. ಮರೆಪ್ಪನ ಎಡಗೈ ಕಣ್ಣ ಮುಂದೆ ಬಂತು. ಹ್ಯಾಂಗ ಒಯ್ದೀರಿ ಹಾಂಗ ತಂದು ಕೊಡ್ರಿ. ಪಡಸಾಲೆಯ ಕಲ್ಲಿನ ಕಟ್ಟೆಯ ಮೇಲೆ ಕುಳಿತುಬಿಟ್ಟೆ.

ಕಟ್ಟೆಯ ಕೆಳಗಿನ ಸಂದಿಯಿಂದ ಒಂದು ಸಣ್ಣ ಕೈ ಬಂದು ನನ್ನ ಸೀರೆಯ ನೆರಿಗೆ ಹಿಡಿದು ಜಗ್ಗಿತು. ಬಗ್ಗಿ ನೋಡಿದರೆ ತುಕಾರಾಮ, ಖಣಿಯ ಓಣಿಯ ಹುಡುಗ! ಮೊಣಕಾಲಿಗೆ ತಲೆ ಹಚ್ಚಿ, ಒಂದು ಕೈಯಿಂದ ಕಿವಿ ಮುಚ್ಚಿಕೊಂಡು, ಮುದ್ದೆಯಾಗಿ ಕುಳಿತಿದ್ದಾನೆ. ಬಾಯಿಗೆ ಬಂದ ಬೈಗುಳ ಅವನ ಮುಖ ನೋಡಿ ಅಲ್ಲೇ ನಿಂತಿತು. ಆಟದ ಮುಖವಲ್ಲ ಅದು.

"ಒಳಗ ಬರ್ರಿ ಅಕ್ಕೋರ, ಜಲ್ದಿ! ಇನ್ನಾ ಹಾರಿಲ್ಲ!"

"ಏನೋ ಹಾರಿಲ್ಲ?"

"ಸುರಂಗ ರೀ. ಸೀಟಿ ಊದ್ಯಾರಲ್ಲ!"

ನನ್ನ ತಲೆಯೊಳಗೆ ಬಾಗಿಲು ತೆರೆದಂತಾಯಿತು. ಶಹಾಬಾದದಲ್ಲಿ ಮಧ್ಯಾಹ್ನವಾದರೆ ಊರಾಚೆಯ ಖಣಿಯಿಂದ ಮುಕಾದಮನ, ಅಂದರೆ ಕೂಲಿಗಳ ಮೇಸ್ತ್ರಿಯ, ಸೀಟಿ ಕೇಳುತ್ತಿತ್ತು, ಆಮೇಲೆ ಧಡಂ ಅಂತ ಸದ್ದು. ಪೇಟೆಯ ನಮಗೆ ಆ ಸೀಟಿ ಅಂದರೆ ಒಲೆಯ ಮೇಲೆ ಅನ್ನಕ್ಕಿಡುವ ಹೊತ್ತು. ಇವರಿಗೆ ಅದು ಪ್ರಾಣದ ಮಾತು. ಸೀಟಿ ಕೇಳಿದೊಡನೆ ಇದ್ದಲ್ಲೇ ಆಸರೆ ಹುಡುಕಿ ಅಡಗಬೇಕು. ನಡೆಯಲು ಕಲಿಯುವ ಮೊದಲೇ ಕಲಿಸಿರುತ್ತಾರೆ. ಮಾಸ್ತರರು ಓಡಿ ಬರ್ರಿ ಅಂದದ್ದಕ್ಕೆ ಇವು ತಲೆಯಾಡಿಸಿದ್ದು ಖರೆ. ಆದರೆ ಸೀಟಿ ಕೇಳಿದ ಮೇಲೆ ಆ ಮಾತು ಯಾರಿಗೆ ನೆನಪಿರುತ್ತದೆ? ನಾವು ಊದಿದಷ್ಟೂ ಮಕ್ಕಳು ಇನ್ನಷ್ಟು ಒಳಕ್ಕೆ, ಇನ್ನಷ್ಟು ಸದ್ದಿಲ್ಲದೆ ಸರಿಯುತ್ತಿದ್ದವು.

"ನಾ ಹೆಸರು ಹಿಡದು ಕರದ್ನಲ್ಲೋ, ಯಾಕ ಬರ್ಲಿಲ್ಲ?"

"ಯಾರು ಕರದ್ರೂ ಏಳಬಾರದ್ರಿ. ಅಪ್ಪ ಕರದ್ರೂ ಏಳಬಾರದು. ಹಳಿ ಬಡದ ಮ್ಯಾಲೇ ಏಳಬೇಕು."

ಸುರಂಗವೆಲ್ಲ ಹಾರಿ ಮುಗಿದ ಮೇಲೆ ಮುಕಾದಮ ತೂಗುಹಾಕಿದ ರೈಲು ಹಳಿಯ ತುಂಡನ್ನು ಬಡಿಯುತ್ತಾನೆ. ಅದು ಕೇಳಿದರೆ ಇನ್ನು ಭಯವಿಲ್ಲ ಅಂತ ಅರ್ಥ. ನಾನು ಎದ್ದೆ. ಗುಂಡೇರಾವ್ ಮಾಸ್ತರರ ಬೆನ್ನು ಹತ್ತಿ ಓಡಿದೆ, ವಿಧವೆ ಹೆಂಗಸು ಸೀರೆ ಎತ್ತಿ ಕಟ್ಟಿ ಕಾಡಿನಲ್ಲಿ ಓಡುವುದನ್ನು ಚಿತ್ತಾಪುರದವರು ನೋಡಬೇಕಿತ್ತು. ಮಾಸ್ತರರ ಬಾಯಿಂದ ಸೀಟಿಯನ್ನು ಕಸಿದುಕೊಂಡೆ. "ಇನ್ನೊಮ್ಮೆ ಊದಿದ್ರ ನೋಡ್ರಿ ಮತ್ತ!" ಅಂದೆ. ಪಾಪ, ಅವರು ದಂಗಾಗಿ ನಿಂತರು. ವಿಷಯ ಹೇಳಿದ ಮೇಲೆ ಇನ್ನೂ ದಂಗಾದರು.

ಗುಡ್ಡದ ಮೇಲೆ ರೈಲು ಹಳಿ ಎಲ್ಲಿಂದ ಬರಬೇಕು? ಅಡಿಗೆಮನೆಯಲ್ಲಿ ಶಿಕಾರಿಯವರಿಗೆ ರೊಟ್ಟಿ ಬೇಯಿಸುವ ದೊಡ್ಡ ಕಬ್ಬಿಣದ ಹಂಚಿತ್ತು, ಅದಕ್ಕೆರಡು ಕಿವಿ. ಹಳ್ಳದಿಂದ ಮರಳಿದ ಖಾಸೀಂಸಾಬ ಎತ್ತಿನ ಹಗ್ಗ ಪೋಣಿಸಿ ಅದನ್ನು ಗಿಡದ ಕೊಂಬೆಗೆ ತೂಗುಹಾಕಿದ. ಮಾಸ್ತರರು ಕೊಡಲಿಯ ಹಿಂಬದಿಯಿಂದ ಬಡಿದರು. ಠಣ್. ಠಣ್. ಠಣ್.

ಮೊದಲು ಕಟ್ಟೆಯ ಕೆಳಗಿನಿಂದ ತುಕಾರಾಮ ನಗುತ್ತ ಬಂದ. ಆಮೇಲೆ ಬಂಡೆಯ ಸಂದಿಯಿಂದ ಒಂದು ತಲೆ, ಬಂಡಿಯ ಕೆಳಗಿನಿಂದ ಎರಡು, ಬಿದ್ದ ಮರದ ಹಿಂದಿನಿಂದ ಇನ್ನೊಂದು. ನಾನು ಬಡಬಡನೆ ಎಣಿಸಿದೆ. ಸಾಬಮ್ಮ ಇಲ್ಲ.

"ನಿಲ್ಲಸಬ್ಯಾಡ್ರಿ, ಬಡೀರಿ ಮಾಸ್ತರ" ಅಂದೆ. ಮಾಸ್ತರರ ಕಣ್ಣಲ್ಲಿ ನೀರಿತ್ತು, ಕೈ ನಿಲ್ಲಿಸಲಿಲ್ಲ. ಹೊತ್ತು ಮುಳುಗುವ ಹೊತ್ತಿಗೆ ಹಳ್ಳದ ದಾರಿಯ ದೊಡ್ಡ ಬಂಡೆಯ ಹಿಂದಿನಿಂದ ಸಾಬಮ್ಮ ಬಂದಳು. ಅತ್ತು ಅತ್ತು ಮುಖ ಬಾತಿತ್ತು. ನಾನು ಓಡಿಹೋಗಿ ಎತ್ತಿಕೊಂಡೆ. ಅವಳು ನನ್ನ ತಲೆ, ಕೈ, ತೋಳು ಎಲ್ಲ ಮುಟ್ಟಿ ಮುಟ್ಟಿ ನೋಡಿದಳು. ಬಲಗೈಯನ್ನು ಎರಡು ಸಲ ನೋಡಿದಳು.

"ನೀವು ಯಾಕ ಅಡಗಲಿಲ್ಲರಿ ಅಕ್ಕೋರ? ಬಯಲಾಗ ನಿಂತಿದ್ರಿ. ನಾ ಕಣ್ಣು ಮುಚ್ಚಿಕೊಂಡೆ. ಹಳಿ ಬಡದ ಮ್ಯಾಲೂ ಕಣ್ಣು ತೆರೀಲಿಕ್ಕೆ ಅಂಜಿಕಿ ಬಂತು."

ನಾವು ಅವಳಿಗಾಗಿ ಅಂಜುತ್ತಿದ್ದಾಗ ಆ ಕೂಸು ನನಗಾಗಿ ಅಂಜಿ ಅಳುತ್ತ ಕುಳಿತಿತ್ತು. ಅವಳನ್ನು ಎದೆಗೆ ಒತ್ತಿಕೊಂಡು ಅತ್ತೆ, ಮಕ್ಕಳೆಲ್ಲರ ಮುಂದೆ, ನಾಚಿಕೆಯಿಲ್ಲದೆ.

ಮರುದಿನ ಗುಡ್ಡ ಹತ್ತಿದೆವು, ಬಾರಿ ಹಣ್ಣು ತಿಂದೆವು. ಸೀಟಿ ನನ್ನ ಟ್ರಂಕಿನ ತಳದಲ್ಲಿತ್ತು. ಮಕ್ಕಳನ್ನು ಕರೆಯಬೇಕಾದಾಗ ಮಾಸ್ತರರು ಹಂಚು ಬಡಿಯುತ್ತಿದ್ದರು. ಶಹಾಬಾದ ಸ್ಟೇಷನ್ನಿನಲ್ಲಿ ಮರೆಪ್ಪನ ಕೈಯಲ್ಲಿ ಮಗಳನ್ನಿಟ್ಟು ನಡೆದದ್ದನ್ನೆಲ್ಲ ಹೇಳಿದೆ. ಅವನು ಮುಖ ಆ ಕಡೆ ತಿರುಗಿಸಿದ. "ನಾ ಹಳಿ ಬಡಿಯೂಕಿಂತ ಮೊದಲ ಎದ್ದಿದ್ದೆರಿ. ಅದಕ್ಕ ಇದಕ್ಕ ಗಟ್ಟಿ ಮಾಡಿ ಹೇಳಿಟ್ಟೀನಿ" ಅಂದ. ಒಂದು ವಾರದಲ್ಲಿ ಹಳಿಯ ತುಂಡೊಂದನ್ನು ಬಂಡಿಯಲ್ಲಿ ಹೇರಿಸಿಕೊಂಡು ಬಂದು ಶಾಲೆಯ ಬೇವಿನ ಗಿಡಕ್ಕೆ ತೂಗುಹಾಕಿಸಿದ. ಅಂದಿನಿಂದ ನಮ್ಮ ಶಾಲೆ ಬಿಡುವ ಗಂಟೆ ಅದೇ.

ನಾನು ಆಮೇಲೆ ಬಹಳ ವರ್ಷ ಕಲಿಸಿದೆ. ಮಾತು ಕೇಳದ ಮಕ್ಕಳು ಅಂತ ಎಷ್ಟೋ ಜನ ನನ್ನ ಮುಂದೆ ತಂದು ನಿಲ್ಲಿಸಿದ್ದುಂಟು. ಪ್ರತಿ ಸಲ ಆ ಸಂಜೆ ನೆನಪಾಗಿ, ಈ ಮಗು ನನ್ನ ಮಾತು ಕೇಳುತ್ತಿಲ್ಲ, ಸರಿ, ಹಾಗಾದರೆ ಇದು ಯಾರ ಮಾತು ಕೇಳುತ್ತಿದೆ ಅಂತ ಮೊದಲು ವಿಚಾರಿಸುತ್ತಿದ್ದೆ. ಹೆಚ್ಚಿನ ಸಲ ಅದು ನನಗಿಂತ ಮೊದಲು ಬಂದ, ನನಗಿಂತ ಹೆಚ್ಚು ಪ್ರೀತಿಸಿದ ಯಾರದೋ ಮಾತಾಗಿರುತ್ತಿತ್ತು. ಈ ನೌಕರಿ ನನಗೆ ಕಲಿಸಿದ್ದು ಅದೊಂದನ್ನೇ.

ಹಿಂದುಸ್ಥಾನದ ಫೌಜು ನಿಜಾಮರ ರಾಜ್ಯದೊಳಗೆ ಬಂದ ವರ್ಷ, ಊರೆಲ್ಲ ಬಾಗಿಲು ಹಾಕಿಕೊಂಡು ಕುಳಿತಿತ್ತು. ದೂರದಲ್ಲಿ ಏನೇನೋ ಸದ್ದು. ನಾನು ನೆರೆಮನೆಯ ಮಕ್ಕಳನ್ನು ಮಡಿಲಲ್ಲಿ ಹಾಕಿಕೊಂಡು ಅಡಿಗೆಮನೆಯ ಮೂಲೆಯಲ್ಲಿದ್ದೆ. ಯಾರು ಬಾಗಿಲು ಬಡಿದರೂ ಏಳಲಿಲ್ಲ, ಹೆಸರು ಹಿಡಿದು ಕರೆದರೂ ಏಳಲಿಲ್ಲ. ಒಂದು ಮುಂಜಾನೆ ಶಾಲೆಯ ಕಡೆಯಿಂದ ಹಳಿಯ ಸದ್ದು ಕೇಳಿತು. ಠಣ್. ಠಣ್. ಠಣ್. ಎದ್ದು ಬಾಗಿಲು ತೆಗೆದು, ಮಕ್ಕಳ ಕೈ ಹಿಡಿದು ನಡೆದೆ. ಬೇವಿನ ಗಿಡದ ಕೆಳಗೆ ಸಾಬಮ್ಮ, ಈಗ ಬೆಳೆದು ನಿಂತ ಹೆಣ್ಣುಮಗಳು, ಸೆರಗು ಸೊಂಟಕ್ಕೆ ಸಿಕ್ಕಿಸಿ ಎರಡೂ ಕೈಯಿಂದ ಬಡಿಯುತ್ತಿದ್ದಳು. ನನ್ನನ್ನು ನೋಡಿ ನಿಲ್ಲಿಸಿದಳು. ತಲೆಯಿಂದ ಕಾಲಿನ ತನಕ ಒಮ್ಮೆ ನೋಡಿದಳು.

"ಈ ಸಲ ಅಡಗಿದ್ರಿ, ಹೌದಿಲ್ರಿ ಅಕ್ಕೋರ?"

"ಅಡಗಿದ್ದೆವ್ವ" ಅಂದೆ. "ಹಳಿ ಬಡಿಯೋತನ ಎದ್ದಿಲ್ಲ."