ಮೊಳೆಗೆ ನೇತುಹಾಕಿದ ಕಚೇರಿ

ಚುನಾವಣಾ ಆಡಳಿತದಲ್ಲಿ ನಿಯಮಗಳನ್ನು ಬಾಯಿಪಾಠ ಮಾಡಿದವರಿಗೆ ಬರವಿಲ್ಲ. ಆ ನಿಯಮ ಯಾರ ಸಲುವಾಗಿ ಹುಟ್ಟಿತೆಂದು ಕೇಳಿದವರು ವಿರಳ. ಅಂಥ ವಿರಳರಲ್ಲೊಬ್ಬರಾದ, ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಚುನಾವಣಾಧಿಕಾರಿ ಮೇಡಂ ಅವರ ಕುರಿತು ಬರೆಯುವ ಭಾಗ್ಯ, ಕೋರ್ಟಿನಲ್ಲಿ ಅವರ ವಕೀಲನಾಗಿದ್ದ ನನಗೆ ಒದಗಿದೆ. ಸಿಹಿಮಾತಷ್ಟೇ ಬೇಕಿದ್ದರೆ ಈ ಅಭಿನಂದನ ಗ್ರಂಥದ ಸಂಪಾದಕರು ಬೇರೆಯವರನ್ನು ಕೇಳಬೇಕಿತ್ತು.

ಮತದಾನದ ದಿನ ಬರಲಾರದವರು ಮುಂಚಿತವಾಗಿ ‘ಚುನಾವಣಾಧಿಕಾರಿಯ ಕಚೇರಿಯಲ್ಲಿ’ ಮತ ಹಾಕಬಹುದೆಂಬುದು ನಿಯಮ. ಕಚೇರಿಯೋ ಮಹಡಿಯ ಮೇಲೆ, ಲಿಫ್ಟಿಲ್ಲ. ಸೇವೆಯ ಆರಂಭದ ದಿನಗಳಲ್ಲಿ ಮೇಡಂ ಈ ಸೌಲಭ್ಯವನ್ನು ತಿಳಿಸಲು ಸರ್ಕಾರಿ ಆಸ್ಪತ್ರೆಗೆ ಹೋದಾಗ, ಎರಡೂ ಕಾಲು ಕಳೆದುಕೊಂಡು ಮಲಗಿದ್ದ ದರ್ಜಿಯೊಬ್ಬರು ನಕ್ಕುಬಿಟ್ಟರಂತೆ: “ನಾನಂತೂ ಮೆಟ್ಟಿಲು ಹತ್ತೋಕಾಗಲ್ಲಮ್ಮ. ನಿಮ್ಮ ಕಡೆಯವರಿಗೆಲ್ಲ ಕಾಲಿದೆಯಲ್ಲ, ಕಚೇರಿನೇ ಇಳಿದು ಬರಲಿ.”

ಮರುದಿನವೇ ಮೇಡಂ ಕಚೇರಿಯ ಬೋರ್ಡು ಬಿಚ್ಚಿಸಿ, ಮೇಜು, ಮತಪೆಟ್ಟಿಗೆ, ಸಿಬ್ಬಂದಿ ಸಮೇತ ವಾರ್ಡಿಗೆ ಬಂದರು. ಬೋರ್ಡನ್ನು ಗೋಡೆಯ ಮೊಳೆಗೆ ನೇತುಹಾಕಿ, “ಇವತ್ತು ಕಚೇರಿ ಇಲ್ಲೇ,” ಎಂದರು. ಒಂದೊಂದೇ ಮಂಚದ ಸುತ್ತ ಪರದೆ ಎಳೆಸಿ, ತಾವು ಬೆನ್ನು ತಿರುಗಿಸಿ ನಿಂತರು. ಅಂದಿನಿಂದ ಅವರು ವಾರ್ಡಿನವರ ಬಾಯಲ್ಲಿ ‘ಬೋರ್ಡಮ್ಮ’.

ಸೋತ ಅಭ್ಯರ್ಥಿ ಸುಮ್ಮನಿರುತ್ತಾನೆಯೇ? ಕೋರ್ಟಿಗೆ ಹೋದ. ಬೋರ್ಡು ಹೋದಲ್ಲೆಲ್ಲ ಕಚೇರಿ ಹೋಗದೆಂದು ಎದುರು ವಕೀಲರು ವಾದಿಸಿದರು, ನ್ಯಾಯಾಧೀಶರು ಒಪ್ಪಿದರು. ಆ ಪೆಟ್ಟಿಗೆಯ ಮತಗಳೆಲ್ಲ ರದ್ದಾದವು. ಮೇಡಂ ಅವರ ಬಡ್ತಿಯೂ ನಿಂತಿತು.

ಮೇಲ್ಮನವಿಗೆ ದರ್ಜಿಯೇ ಅರ್ಜಿದಾರರಾದರು. ಪ್ರತಿ ವಾಯಿದೆಯ ಸಂಜೆ ಮೇಡಂ ದರ್ಜಿಯ ಮಂಚದ ಬಳಿ ಕೂತು ನಡೆದದ್ದನ್ನು ಹೇಳುತ್ತಿದ್ದರು; ‘ಮುಂದಕ್ಕೆ ಹೋಯ್ತು’ ಎಂಬುದರ ಹೊರತು ಹೇಳಲು ಹೆಚ್ಚೇನೂ ಇರುತ್ತಿರಲಿಲ್ಲ. “ಹೋಗ್ಲಿ ಬಿಡಿ, ನಾನೇನು ಎದ್ದು ಓಡ್ತೀನಾ? ನನ್ನ ಓಟು ಲೆಕ್ಕಕ್ಕೆ ಬಂತು ಅಂತ ಕೇಳಿಕೊಂಡೇ ಸಾಯೋದು,” ಎನ್ನುತ್ತಿದ್ದರು ಆ ಪುಣ್ಯಾತ್ಮ. ಕೊನೆಗೂ ಗೆದ್ದೆವು. ತೀರ್ಪಿನ ಪ್ರತಿ ಹಿಡಿದು ಮೇಡಂ ಓಡಿದಾಗ ಆ ಮಂಚದಲ್ಲಿ ಬೇರೆ ಯಾರೋ ಮಲಗಿದ್ದರು. ನಮ್ಮ ಕೋರ್ಟುಗಳ ನಿಧಾನಕ್ಕೆ ಬೆಂಕಿ ಬೀಳಲಿ! ಅಭಿನಂದನ ಗ್ರಂಥದಲ್ಲಿ ಶಾಪ ಸಲ್ಲದೆಂದು ಬಲ್ಲೆ, ಆದರೂ ಹಾಕಿದ್ದೇನೆ.

ಆಮೇಲೆ ಪ್ರತಿ ಚುನಾವಣೆಗೂ ಬೋರ್ಡು ಆ ಮೊಳೆಯೇರಿತು. ಕಳೆದ ವರ್ಷ ಇನ್ನೊಬ್ಬ ಅಭ್ಯರ್ಥಿ ದಾವೆ ಹೂಡಿ, ಬೋರ್ಡು ವಾರ್ಡಿಗೆ ಹೋಗದಂತೆ ತಡೆಯಾಜ್ಞೆ ತಂದ. ಈಗ ಮೇಡಂ ಅವರೇ ಅದೇ ವಾರ್ಡಿನಲ್ಲಿ ಮಲಗಿದ್ದಾರೆ; ವೈದ್ಯರು ನಮ್ಮ ಮುಖ ನೋಡಿ ಮಾತಾಡುತ್ತಿಲ್ಲ. ಸನ್ಮಾನದ ವಿಷಯ ತಿಳಿಸಲು ಹೋದರೆ, “ಸನ್ಮಾನ ಗಿನ್ಮಾನ ಇರಲಿ ಲಾಯರೇ, ಕೇಸು ಏನಾಯ್ತು?” ಎಂದರು.

“ಮುಂದಕ್ಕೆ ಹೋಯ್ತು ಮೇಡಂ.”

ಅವರು ಗೋಡೆಯ ಖಾಲಿ ಮೊಳೆಯತ್ತ ನೋಡಿದರು.

ನೂರ್ಕಾಲ ಬಾಳಲಿ ಎಂದು ಹಾರೈಸುವುದು ವಾಡಿಕೆ. ಆದರೆ ಇದನ್ನು ಅವರು ಓದುತ್ತಾರೆ. ಸುಳ್ಳು ಬರೆದರೆ ಮಲಗಿದಲ್ಲಿಂದಲೇ ಗದರುತ್ತಾರೆ. ಆದ್ದರಿಂದ ಇಷ್ಟೇ ಕೇಳುತ್ತೇನೆ: ತೀರ್ಪು ಬರುವ ತನಕ ನಮ್ಮ ಮೇಡಂ ಇರಲಿ, ಮುಂದಿನ ಚುನಾವಣೆಗೆ ಆ ಮೊಳೆಗೆ ಬೋರ್ಡು ಹಾಕಿ, ಅವರ ಮಂಚದ ಸುತ್ತ ಪರದೆ ಎಳೆದು, ಬೆನ್ನು ತಿರುಗಿಸಿ ನಿಲ್ಲುವ ಸರದಿ ನಮ್ಮದಾಗಲಿ.