ಸಬ್ಬಸಿಗಿ ಇಲ್ಲದ ಬಾಣಂತನ

ನಮ್ಮ ಮನೆತನದಲ್ಲಿ ಬಾಣಂತಿಗೆ ಸಬ್ಬಸಿಗಿ ಪಲ್ಯ ಬಡಿಸುತ್ತಿರಲಿಲ್ಲ. ಸವದತ್ತಿ ಕಡೆ ಇದನ್ನು ಹೇಳಿದರೆ ಜನ ನಗುತ್ತಾರೆ. ಎದೆಹಾಲು ಹೆಚ್ಚಲೆಂದು ಊರೆಲ್ಲ ಬಾಣಂತಿಯರಿಗೆ ಬಿಸಿ ರೊಟ್ಟಿಯ ಜೊತೆ ಆ ಸೊಪ್ಪನ್ನೇ ಹಾಕುವಾಗ, ನಮ್ಮದೊಂದು ಮನೆ ಮಾತ್ರ ಅದನ್ನು ಹೊಸ್ತಿಲು ದಾಟಿಸುತ್ತಿರಲಿಲ್ಲ. ಯಾಕೆಂದು ಕೇಳಿದರೆ “ನಮಗ ಆಗಿ ಬರೂದಿಲ್ಲ” ಎನ್ನುತ್ತಿದ್ದಳು ಆಯಿ. ಅಲ್ಲಿಗೆ ಮಾತು ಮುಗಿಯಿತು, ಮುಂದೆ ಕೇಳುವ ಹಾಗಿಲ್ಲ.

ಆಯಿ ಎಂದರೆ ನನ್ನ ಅವ್ವನ ತಾಯಿ. ಅವಳ ಕಿರಿಯ ಮಗನಿಗೇ, ಅಂದರೆ ನನ್ನ ಸೋದರಮಾವನಿಗೇ ನನ್ನನ್ನು ಕೊಟ್ಟಿದ್ದರಿಂದ ಅತ್ತೆಯೂ ಅವಳೇ ಆದಳು. ಬೈಸಿಕೊಂಡರೆ ದೂರುವುದು ಯಾರ ಹತ್ತಿರ? ಅತ್ತೆಯ ಮೇಲೆ ಆಯಿಗೆ ಹೇಳಬೇಕು, ಆಯಿಯ ಮೇಲೆ ಅತ್ತೆಗೆ ಹೇಳಬೇಕು. ಆಯಿಯೂ ತನ್ನ ಸೋದರಮಾವನನ್ನೇ ಮದುವೆಯಾದವಳು. ನಮ್ಮಲ್ಲಿ ಅದು ಹಾಗೆಯೇ, ಹೊಲ ಹೊರಗೆ ಹೋಗಬಾರದು, ಹುಡುಗಿಯೂ ಹೊರಗೆ ಹೋಗಬಾರದು.

ತೊಂಬತ್ತರ ದಶಕದ ನಡುವೆ ಯರಗಟ್ಟಿಯ ತವರುಮನೆಯಲ್ಲಿ ನನ್ನ ಚೊಚ್ಚಲ ಹೆರಿಗೆ ಆಯಿತು. ಹೆಣ್ಣುಕೂಸು. ಬಾಣಂತನಕ್ಕೆಂದು ನನ್ನ ಗಂಡನ ಊರಾದ ಚಚಡಿಯಿಂದ ಆಯಿಯೂ ಬಂದಿದ್ದಳು. ಮರುದಿನ ಅವ್ವ, ಆಯಿ ಇಬ್ಬರೂ ಹಿತ್ತಲಲ್ಲಿದ್ದಾಗ ನಾವು ಕಾಕು ಎನ್ನುತ್ತಿದ್ದ ಆಚೆ ಮನೆಯ ಹೆಂಗಸು ಬಟ್ಟಲು ತುಂಬ ಸಬ್ಬಸಿಗಿ ಪಲ್ಯ ತಂದು ಮುಂದಿಟ್ಟಳು. “ತಿನ್ನವಾ, ಹಾಲು ಬರತಾವ. ನಿಮ್ಮ ಮುದುಕಿದು ಏನ್ ಕೇಳತಿ?” ಆ ವಾಸನೆಗೆ ಬಾಯಲ್ಲಿ ನೀರು ಬಂತು. ಹಡೆದ ಹೊಟ್ಟೆ ಬೇರೆ. ಬೆರಳು ನೆಕ್ಕಿ ತಿಂದೆ.

ಸಂಜೆ ಕೂಸು ಕಾರಿಕೊಂಡಿತು. ಬಿಳಿ ಪಂಚೆಯ ಚೂರಿನ ಮೇಲೆ ಹಸಿರು, ಸೊಪ್ಪು ಅರೆದು ಚೆಲ್ಲಿದಂಥ ಹಸಿರು.

ಆಯಿ ಬಟ್ಟೆಯನ್ನು ನೋಡಿದಳು, ಮೂಲೆಯ ಬಟ್ಟಲನ್ನು ನೋಡಿದಳು. “ತಿಂದೀ! ನಿನ್ನ ನಾಲಿಗಿಗೆ ಬೆಂಕಿ ಹಚ್ಚಲಿ, ತಿಂದ ಬಿಟ್ಟಿ!” ಎಂದು ಹಣೆ ಹಣೆ ಬಡಿದುಕೊಂಡಳು. ಆಮೇಲೆ ಎಲ್ಲರಿಗೂ ಒಂದೇ ಕೆಲಸ, ನಾನು ತಿಂದ ಸಬ್ಬಸಿಗಿಯನ್ನು ಕೂಸಿನ ಹೊಟ್ಟೆಯಿಂದ ಇಳಿಸುವುದು. ಬಜೆ ತೇಯ್ದು ನೆಕ್ಕಿಸಿದರು, ಔಡಲೆಣ್ಣೆ ಹಾಕಿದರು. ಹಾಲು ಕುಡಿಸಿದಷ್ಟೂ ಹಸಿರು ಬಂತು. ನನಗೆ ಬರೀ ಅನ್ನ, ಮೆಣಸಿನ ಸಾರು. “ಇವತ್ತ ಇಳಿತೈತಿ, ನಾಳೆ ಇಳಿತೈತಿ” ಎನ್ನುತ್ತ ಎರಡು ದಿನ ಕಾಯ್ದರು. ಕೂಸಿನ ಅಳುವ ದನಿ ಬೆಕ್ಕಿನ ಮರಿಯದಷ್ಟು ಸಣ್ಣದಾಯಿತು.

ಮಾವ, ಅಂದರೆ ನನ್ನ ಗಂಡ, ಚಚಡಿಯಿಂದ ಬಂದು ತೊಟ್ಟಿಲಲ್ಲಿ ಇಣುಕಿದವನೇ ಹೊರಗೆ ಓಡಿ ಟೆಂಪೋ ತಂದ. ಆಯಿಯೂ ಹತ್ತಿದಳು. ಬೆಳಗಾವಿಯ ದವಾಖಾನೆಯಲ್ಲಿ ಮಕ್ಕಳ ಆಪರೇಶನ್ ಮಾಡುವ ಡಾಕ್ಟರು ಕೂಸಿನ ಹೊಟ್ಟೆಯ ಎಕ್ಸ್‌ರೇ ಫೋಟೋ ತೆಗೆಸಿ ನೋಡಿ ನಮ್ಮೆದುರು ಕೂತರು.

“ಅಂಗಿ ಹೊಲಿಯೂ ಮುಂದ ತೋಳಿನ ನಡುವ ಹೊಲಿಗಿ ಬಿದ್ರ ಕೈ ಹ್ಯಾಂಗ ದಾಟತೈತ್ರಿ? ನಿಮ್ಮ ಕೂಸಿನ ಸಣ್ಣ ಕರಳು ಹಂಗ ಮುಚ್ಚೈತ್ರಿ. ಹೊಟ್ಟ್ಯಾಗ ಇದ್ದಾಗನ ಆಗಿದ್ದು. ಈ ಹಸರು ಪಿತ್ತರಿ.” ಆಮೇಲೆ ಆಯಿಯ ಕಡೆ ತಿರುಗಿದರು. “ನಿಮ್ಮ ಮನಿತನದಾಗ ಮೊದಲ ಹಿಂಗ ಹಸರು ಕಾರಿ ಕೂಸು ಹೋಗ್ಯಾವೇನ್ರಿ?”

“ಇಲ್ರಿ” ಎಂದಳು ಆಯಿ, ತಡವೇ ಇಲ್ಲ.

ನನಗೆ ಎಲ್ಲಿತ್ತೋ ಸಿಟ್ಟು, ಉಕ್ಕಿ ಬಂತು. “ಹಂಗಾರ ನಮ್ಮ ಮನ್ಯಾಗ ಸಬ್ಬಸಿಗಿ ಯಾಕ ಬ್ಯಾಡ, ಆಯಿ?”

ಆಯಿ ನನ್ನನ್ನು ನೋಡಲಿಲ್ಲ. ಸೆರಗಿನೊಳಗೆ ಬೆರಳು ಮಡಚಿದಳು. “ನಂದ ಚೊಚ್ಚಲದ್ದು. ಈಕಿ ಅವ್ವನ ಬೆನ್ನಿಗೆ ಹುಟ್ಟಿದ್ದು ಒಂದು. ನನ್ನ ನಾದಿನಿದು ಒಂದು. ಮೂರೂ ಹಸರು ಕಾರಿ ಹೋದೂರಿ.”

“ಮತ್ತ ಇಲ್ಲ ಅಂದ್ರೆಲ್ಲಾ?” ಎಂದರು ಡಾಕ್ಟರು.

“ಹೆಸರಿಟ್ಟಿದ್ದಿಲ್ರಿ. ಹೆಸರಿಡದ್ದನ್ನ ನಾವು ಎಣಸೂದಿಲ್ರಿ.” ಆಮೇಲೆ ತಾನೇ ಕೇಳಿದಳು, “ಸಾಹೇಬ್ರ, ಹಂಗಾರ ನಾ ಸಬ್ಬಸಿಗಿ ತಿಂದದ್ದಕ್ಕ ಅಲ್ಲೇನ್ರಿ?”

“ಅಲ್ರಿ ಅಮ್ಮಾರ.”

ಆಯಿ ಆ ಫರಸಿ ನೆಲದ ಮೇಲೆಯೇ ಕುಕ್ಕರಿಸಿ, ಎಷ್ಟೋ ವರ್ಷದ ಹಿಂದೆ ಹೋದ ಕೂಸುಗಳಿಗಾಗಿ ಗೊಳೋ ಎಂದು ಅತ್ತಳು. ಅವಳ ಮೇಲಿನ ನನ್ನ ಸಿಟ್ಟನ್ನು ಎಲ್ಲಿ ಇಡಬೇಕೋ ತಿಳಿಯಲಿಲ್ಲ.

ನಮಗೇ ಯಾಕೆ ಎಂದು ಕೇಳಿದೆ. ಸಾವಿರಾರು ಹೆರಿಗೆಯಲ್ಲಿ ಒಂದಕ್ಕೆ ಹೀಗಾಗುತ್ತದೆ, ಬಹಳ ಸಲ ಕಾರಣವೇ ಸಿಗುವುದಿಲ್ಲ, ಕೆಲವು ಮನೆತನಗಳಲ್ಲಿ ಮತ್ತೆ ಮತ್ತೆ ಬರುತ್ತದೆ, ರಕ್ತಸಂಬಂಧದೊಳಗಿನ ಮದುವೆಯೂ ಕಾರಣ ಇರಬಹುದು ಎಂದರು ಡಾಕ್ಟರು. “ಈ ಹಳ್ಳಿಗೋಳಾಗ ಎಷ್ಟ ಆಗತಾವ ಅಂತ ನಾ ಹ್ಯಾಂಗ ಹೇಳ್ಲಿ? ಇಲ್ಲಿ ಮಟಾ ಬಂದ್ರ ತಾನ ಗೊತ್ತಾಗೂದು.”

ಆಪರೇಶನ್ ಆಯಿತು. ಕರುಳು ಕೂಡಿತು, ಇನ್ನೂ ಹೆಸರಿಡದ ಕೂಸು ಉಳಿಯಲಿಲ್ಲ. ಬಹಳ ಒಣಗಿತ್ತು ಎಂದರು. ಮೊದಲೇ ತಂದಿದ್ದರೆ ಎಂಬ ಮಾತನ್ನು ಡಾಕ್ಟರು ನುಂಗಿಕೊಂಡರು. ನುಂಗಿದ್ದು ನನಗೆ ಕೇಳಿಸಿತು.

ಮತ್ತೆ ಬಸುರಾದಾಗ ಅವರನ್ನೇ ಕಂಡು ಏನು ಮಾಡಬೇಕೆಂದು ಕೇಳಿದೆ. ತಡೆಯಲು ಔಷಧವಿಲ್ಲ, ಸ್ಕ್ಯಾನಿಂಗಿನಲ್ಲಿ ಕಂಡರೆ ಕಂಡೀತು, ಇಲ್ಲದಿದ್ದರೆ ಇಲ್ಲ. “ಹಸರು ಕಂಡ್ರ ಒಂದ ತಾಸೂ ಕಾಯಬ್ಯಾಡ್ರಿ.” ಇಷ್ಟೇ.

ಎರಡನೆಯ ಬಾಣಂತನ ಚಚಡಿಯಲ್ಲೇ ಆಯಿತು. ಗಂಡುಕೂಸು. ನಾನು ಹಟ ಹಿಡಿದು ಸಬ್ಬಸಿಗಿ ಬೇಕೆಂದೆ. ಆಯಿ ಬೇಡ ಎಂದಳು. “ಇನ್ನೂ ಬುದ್ಧಿ ಬರಲಿಲ್ಲೇನ ನಿನಗ?” ಎಂದು ಹರಿಹಾಯ್ದೆ.

“ಸಬ್ಬಸಿಗೀದು ತಪ್ಪಿಲ್ಲ, ಗೊತ್ತೈತಿ ನನಗ. ಆದ್ರ ಹಸರು ಬಂದ್ರ ಈ ಸಲ ಯಾರ ಬಾಯಾಗೂ ಸಬ್ಬಸಿಗಿ ಅನ್ನೂ ಮಾತು ಬರಬಾರದು.”

ನಾನು ಹಟ ಬಿಟ್ಟೆ. ಮಾವ ಬಾಗಿಲಲ್ಲಿ ಟೆಂಪೋ ನಿಲ್ಲಿಸಿಕೊಂಡು ಕೂತಿದ್ದ. ಒಳಗೆ ನಾವಿಬ್ಬರೂ ಕೂಸಿನ ಬಾಯಿ ನೋಡುತ್ತ ಕೂತೆವು. ಬೇರೆ ಏನು ಮಾಡಲು ಬರುತ್ತಿತ್ತು ನಮಗೆ? ಕೂಸು ಕಾರಿದಾಗಲೆಲ್ಲ ಆಯಿ ಬಟ್ಟೆಯನ್ನು ಬಾಗಿಲ ಬೆಳಕಿಗೆ ಒಯ್ದು ತಿರುಗಿಸಿ ನೋಡುತ್ತಿದ್ದಳು. “ಬೆಳ್ಳಗೈತಿ” ಎಂದಾಗ ನಾನು ಉಸಿರು ಬಿಡುತ್ತಿದ್ದೆ.

ಹಾಗೆ ಕೆಲವು ದಿನ ಕಳೆದ ಮೇಲೆ ಲಸಿಕೆ ಹಾಕುವ ನರ್ಸಬಾಯಿ ಬಂದಳು. “ಮೊದಲನೇ ಕೂಸೇನ್ರಿ?” ಎಂದು ಕೇಳಿದಳು.

“ಎರಡನೇದ್ರಿ” ಎಂದಳು ಆಯಿ.

“ಹೌದಾ? ಮೊದಲಿಂದು ಎಲ್ಲೈತ್ರಿ, ಆಡಾಕ ಹೋಗೈತೇನು?” ಎಂದು ನರ್ಸಬಾಯಿ ನಗುತ್ತ ಬಾಗಿಲ ಕಡೆ ನೋಡಿದಳು. ಆಯಿ ನನ್ನ ಮುಖ ನೋಡಿದಳು. ನಾನು ಕೂಸಿನ ಕುಲಾವಿ ಸರಿಮಾಡಿದೆ.