ನಲುಗಿನ ಬಟ್ಟಲು ಹಿಡಿದವಳು

ಅಕ್ಕ, ನಿನ್ನ ಮದುವೆಯ ಹಿಂದಿನ ದಿನ ನಿನ್ನ ಮುಖದ ಚರ್ಮ ಎದ್ದು ಬಂದದ್ದು ವೆಂಕಟಮ್ಮತ್ತೆಯ ನಲುಗಿನ ಹಿಟ್ಟಿನಿಂದಲ್ಲ. ಅದು ನಾನು ಮಾಡಿದ್ದು. ಎಂಟು ವರ್ಷದಿಂದ ಗೊತ್ತಿದ್ದೂ ಬಾಯಿ ಬಿಡಲಿಲ್ಲ.

ಬರೆದುಬಿಟ್ಟೆ. ಇಷ್ಟಕ್ಕೆ ಮೂರು ಹಾಳೆ ಹರಿದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಬರೆಯಲು ಬರದೆ ಹರಿದಿದ್ದಾಳೆ ಎಂದು ನೀನು ನಗಬಹುದು — ಅಲ್ಲ ಅಕ್ಕ, ಬರೆಯಲು ಬರುತ್ತಿತ್ತು. ಅದೇ ಕಷ್ಟವಾಗಿದ್ದು. ನಿನಗೆ ಗೊತ್ತಿರುವುದನ್ನೂ ಸೇರಿಸಿಯೇ ಬರೆಯುತ್ತೇನೆ, ಯಾಕೆಂದರೆ ಗೊತ್ತಿಲ್ಲದ್ದು ಅದರ ನಡುವೆಯೇ ಸಿಕ್ಕಿಕೊಂಡಿದೆ.

ಆಗ ನಾನು ಚಿಂತಾಮಣಿಯ ಬ್ಯೂಟಿ ಪಾರ್ಲರ್‌ಗೆ ಸೇರಿ ಏಳು ತಿಂಗಳಾಗಿತ್ತು. ಶಿಡ್ಲಘಟ್ಟದ ಪಕ್ಕದ ನಮ್ಮೂರಿನಿಂದ ದಿನಾ ಬೆಳಗಿನ ಬಸ್ಸು. ಊರಿನಲ್ಲೆಲ್ಲ ನಾನು ಬ್ಯೂಟಿಷಿಯನ್ ಎಂದು ಹೇಳಿಕೊಂಡಿದ್ದೆ. ನಿಜವಾಗಿ ಮಾಡುತ್ತಿದ್ದದ್ದು ಕೂದಲು ಗುಡಿಸುವುದು, ಟವೆಲ್ ಒಗೆಯುವುದು, ಮೇಡಂ ಊಟಕ್ಕೆ ಹೋದಾಗ ಬಂದವರಿಗೆ ಹುಬ್ಬು ತೀಡುವುದು. ಪೀಲಿಂಗ್ ಮಾತ್ರ ಮೇಡಂ ಯಾರ ಕೈಗೂ ಕೊಡುತ್ತಿರಲಿಲ್ಲ. ನೋಡುವುದಕ್ಕೆ ನೀರಿನ ಹಾಗಿರುವ ಔಷಧಿ. ಬ್ರಶ್ಶಿನಿಂದ ಮುಖಕ್ಕೆ ಸವರಿ, ಗಡಿಯಾರ ನೋಡುತ್ತ ನಿಂತು, ಹೊತ್ತಿಗೆ ಸರಿಯಾಗಿ ತೊಳೆದುಬಿಡಬೇಕು. ಎರಡು ಮೂರು ದಿನದ ಮೇಲೆ ಮೇಲಿನ ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ಎದ್ದು ಉದುರುತ್ತದೆ, ಅಡಿಯಿಂದ ಹೊಸದು ಬರುತ್ತದೆ. "ಮದುವೆ ಹುಡುಗಿ ಅಂದ್ರೆ ಒಂದು ತಿಂಗಳು ಮುಂಚೇನೇ ಮಾಡಿಸ್ಕೋಬೇಕು. ಆಮೇಲೆ ವಾರ ಪೂರ್ತಿ ಬಿಸಿಲಿಗೆ ಹೋಗ್ಬಾರ್ದು, ಮುಖಕ್ಕೆ ಏನೂ ಹಾಕಿ ಉಜ್ಜಬಾರ್ದು," ಎಂದು ಮೇಡಂ ಬಂದವರಿಗೆಲ್ಲ ಹೇಳುತ್ತಿದ್ದರು. ನನಗೆ ಅದು ಬಾಯಿಪಾಠ.

ನಮಗೇನು ಅದು ಹೊಸದೇ? ರೇಷ್ಮೆ ಹುಳು ಸಾಕಿದ ಮನೆಯವರು ನಾವು. ಹುಳು ಜ್ವರಕ್ಕೆ ಕೂರುತ್ತದೆ, ಸೊಪ್ಪು ಬಿಡುತ್ತದೆ, ತಲೆಯೆತ್ತಿಕೊಂಡು ಒಂದು ದಿನ ಅಲ್ಲಾಡದೆ ಕೂತು, ಹಳೆಯ ಚರ್ಮ ಕಳಚಿ ಎದ್ದು ಬರುತ್ತದೆ. ಪೀಲಿಂಗ್ ನೋಡಿದ ಮೊದಲ ದಿನವೇ, ಓ ಇಷ್ಟೇನಾ, ಅಂದುಕೊಂಡೆ. ಹುಳುವಿಗೆ ಒಂದು ದಿನ ಸಾಕಾದರೆ ಮನುಷ್ಯರಿಗೆ ನಾಲ್ಕು ದಿನ ಸಾಲದೇ? ನಾನು ಕೆಟ್ಟದ್ದು ಅಲ್ಲಿಯೇ.

ನಿನ್ನ ಮದುವೆ ಗುರುವಾರ, ವಿದುರಾಶ್ವತ್ಥದ ಛತ್ರದಲ್ಲಿ. ಭಾನುವಾರ ಮಧ್ಯಾಹ್ನ ಅಮ್ಮ ಪತ್ರಿಕೆ ಹಂಚಲು ಹೋಗಿದ್ದಳು. ನಿನ್ನನ್ನು ಹಿತ್ತಿಲಿನಲ್ಲಿ ಕೂರಿಸಿ, ಹಣ್ಣಿನ ರಸದ ಫೇಶಿಯಲ್ ಎಂದು ಹೇಳಿ ನಿನ್ನ ಕೆನ್ನೆಗೆ ಸವರಿದೆನಲ್ಲ — ಅದು ಹಣ್ಣಿನ ರಸವಲ್ಲ ಅಕ್ಕ. ಮೇಡಂಗೆ ಕಾಣದ ಹಾಗೆ ಖಾಲಿ ಟಾನಿಕ್ ಬಾಟಲಿಗೆ ಬಗ್ಗಿಸಿಕೊಂಡು ಬಂದಿದ್ದ ಆ ಔಷಧಿ. ಕದ್ದದ್ದು ಎಂದೇ ಬರೆಯುತ್ತೇನೆ.

"ಉರೀತೈತೆ ಕಣೇ ಮಂಜಿ!"

"ಉರೀಲಿ ಬಿಡಕ್ಕ, ಈಗ್ಲಿಂದಾನೇ ಅಭ್ಯಾಸ ಮಾಡ್ಕೋ. ಗಂಡನ ಮನೇಲಿ ಇದಕ್ಕಿಂತ ಜಾಸ್ತಿ ಉರೀತೈತೆ!"

ನೀನು ನಕ್ಕೆ. ನಾನು ಮೊರದಿಂದ ಗಾಳಿ ಬೀಸಿದೆ. ಗಡಿಯಾರ ನೋಡಲಿಲ್ಲ ಎಂದಲ್ಲ, ನೋಡಿದೆ. ತೊಳೆಯುವ ಹೊತ್ತಾಗಿತ್ತು. ಮೊಡವೆ ಕಲೆ ಜಾಸ್ತಿ ಇದೆ, ಇನ್ನೊಂದು ಸ್ವಲ್ಪ ಇರಲಿ ಎಂದು... ನಿನ್ನ ಮೇಲಿನ ಪ್ರೀತಿಯಿಂದ ಮಾಡಿದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಪ್ರೀತಿ ಇತ್ತು. ಆದರೆ ಛತ್ರಕ್ಕೆ ಬಂದವರೆಲ್ಲ ನಿನ್ನ ಮುಖ ನೋಡಿ, ಯಾರು ಮಾಡಿದ್ದು, ಎಂದು ಕೇಳಬೇಕು, ನೀನು ನನ್ನ ಕಡೆ ಕೈ ತೋರಿಸಬೇಕು — ಅದೇ ಮುಂದೆ ಇತ್ತು.

ಸೋಮವಾರ, ಮಂಗಳವಾರ ನಿನ್ನ ಮುಖ ಹಿತ್ತಾಳೆ ಚೊಂಬಿನ ಹಾಗೆ ಹೊಳೆಯಿತು. ಅಮ್ಮ ದೃಷ್ಟಿ ತೆಗೆದಳು. ಮೇಡಂ ಬೈಯುತ್ತಾರೆ, ಫೇಶಿಯಲ್ ವಿಷಯ ಯಾರಿಗೂ ಹೇಳಬೇಡ ಎಂದು ನಾನು ಕೇಳಿಕೊಂಡಿದ್ದಕ್ಕೆ ನೀನು ಯಾರಿಗೂ ಹೇಳಲಿಲ್ಲ.

ಬುಧವಾರ ನಲುಗು. ಊರಿನ ಯಾವ ಹೆಣ್ಣಿನ ಮದುವೆಯಾದರೂ ನಲುಗು ಹಚ್ಚುವುದು ಅಪ್ಪನ ಅಕ್ಕ, ನಮ್ಮ ವೆಂಕಟಮ್ಮತ್ತೆಯೇ. ಹದಿನೈದು ದಿನ ಮುಂಚೆಯೇ ಹೆಸರುಕಾಳು, ಕಡಲೆಬೇಳೆ, ಕಸ್ತೂರಿ ಅರಿಶಿನ, ಕಿತ್ತಳೆ ಸಿಪ್ಪೆ ಒಣಗಿಸಿ, ಯಾರ ಕೈಗೂ ಕೊಡದೆ ತಾನೇ ಬೀಸಿ, ಬಟ್ಟೆಯಲ್ಲಿ ಜರಡಿ ಹಿಡಿಯುತ್ತಿದ್ದಳು. ಮದುವೆ ಹುಡುಗಿಯ ಕೈ ಕಾಲು ಉಜ್ಜುತ್ತ ತೆಲುಗಿನಲ್ಲಿ ಪೋಲಿ ಹಾಡು ಹೇಳಿ ಹೆಂಗಸರನ್ನೆಲ್ಲ ನಗಿಸುತ್ತಿದ್ದಳು. ಆಯಮ್ಮನ ಕೈಗುಣವೇ ಬೇರೆ ಎಂದು ಊರೇ ಹೇಳುತ್ತಿತ್ತು. ಬಟ್ಟಲು ಹಿಡಿದು ಪಕ್ಕದಲ್ಲಿ ಕೂರುವುದು ಹುಡುಗಿಯ ತಂಗಿ. ಹಾಗಾಗಿ ನಾನು.

ಹತ್ತಿರ ಕೂತಾಗ ಕಂಡಿತು. ನಿನ್ನ ಗಲ್ಲದ ಅಂಚಿನಲ್ಲಿ ಚರ್ಮ ಕೂದಲೆಳೆಯಷ್ಟು ಎದ್ದಿತ್ತು. ಅತ್ತೆ ಕೈಗೆ ಹಚ್ಚಿದಳು, ಕಾಲಿಗೆ ಹಚ್ಚಿದಳು. ಮುಖದ ಹತ್ತಿರ ಬಂದು ನಿಂತುಬಿಟ್ಟಳು.

"ಮೊಖ ಯಾಕೋ ಬಿಗ್ದಂಗೈತಲ್ಲೇ ಪದ್ಮಿ? ಮಂಜಮ್ಮ, ನೀನು ಪಾರ್ಲರ್ ಹುಡುಗಿ, ನಿಂಗೆ ಗೊತ್ತಾಗ್ತೈತೆ. ಮೊಖಕ್ಕೂ ಉಜ್ಲಾ, ಬ್ಯಾಡ್ವಾ?"

ಅಕ್ಕ, ಅವಳು ನನ್ನನ್ನು ಕೇಳಿದಳು. ನಲವತ್ತು ವರ್ಷ ನಲುಗು ಹಚ್ಚಿದ ಹೆಂಗಸು, ಏಳು ತಿಂಗಳು ಕೂದಲು ಗುಡಿಸಿದ ನನ್ನನ್ನು. ಹೆಂಗಸರೆಲ್ಲ ನನ್ನ ಕಡೆ ತಿರುಗಿದರು. ಬೇಡ ಎಂದರೆ ಯಾಕೆ ಎನ್ನುತ್ತಾರೆ. ಯಾಕೆಂದು ಹೇಳಿದರೆ ಎಲ್ಲ ಹೊರಗೆ ಬರುತ್ತದೆ. ಜ್ವರಕ್ಕೆ ಕೂತ ಹುಳುವಿನ ತಟ್ಟೆ ಅಲ್ಲಾಡಿಸಬಾರದೆಂದು ಐದು ವರ್ಷಕ್ಕೇ ಏಟು ತಿಂದು ಕಲಿತವಳು ನಾನು.

"ಉಜ್ಜತ್ತೆ," ಎಂದೆ. ಬಟ್ಟಲನ್ನು ಮುಂದೆ ಹಿಡಿದೆ.

ಮಧ್ಯಾಹ್ನದ ಹೊತ್ತಿಗೆ ನಿನ್ನ ಕೆನ್ನೆ ಕೆಂಪಾಗಿ, ಚರ್ಮ ಪಟ್ಟೆ ಪಟ್ಟೆಯಾಗಿ ಎದ್ದಿತ್ತು. ಅಮ್ಮ ಕೂಗಾಡಿದಳು. ಹಿಟ್ಟಿನಲ್ಲಿ ಏನೋ ಬಿದ್ದೈತೆ ಎಂದು ಪಕ್ಕದ ಮನೆಯವರು ಅಂದರು. ಎರಡು ದಿನ ಹೊಳೆದ ಮುಖ ನಲುಗಾದ ಮೇಲೆ ಕೆಟ್ಟಿತೆಂದರೆ ಇನ್ನೇನು — ನೀನೂ ಹಾಗೇ ತಿಳಿದುಕೊಂಡೆ, ನಿನ್ನದು ತಪ್ಪಲ್ಲ. ಅತ್ತೆ ಆಗ ಏನು ಮಾಡಿದಳು ಎಂದು ನೀನು ನೋಡಲಿಲ್ಲ, ಒಳಗೆ ಮಲಗಿದ್ದೆ. ನಾನು ನೋಡಿದೆ. ಉಳಿದ ಹಿಟ್ಟನ್ನು ಮೂಸಿದಳು. ನೀರಿನಲ್ಲಿ ಕಲಸಿ ತನ್ನ ಕೆನ್ನೆಗೇ ಹಾಕಿಕೊಂಡು ಗಸಗಸ ಉಜ್ಜಿದಳು. ಕಾದಳು. "ನಂಗೇನೂ ಆಗ್ಲಿಲ್ಲವಲ್ಲಮ್ಮ," ಎಂದು ಒಬ್ಬೊಬ್ಬರ ಮುಖವನ್ನೂ ನೋಡಿದಳು.

"ನಿಂದು ಎಮ್ಮೆ ಚರ್ಮ, ನಿಂಗೇನಾದೀತು!" ಎಂದರು ಯಾರೋ. ಎಲ್ಲರೂ ನಕ್ಕರು. ಅತ್ತೆಯೂ ನಕ್ಕಳು. ನಾನೂ ನಕ್ಕೆ.

ಮದುವೆಯೇನೋ ಸಾಂಗವಾಗಿ ಆಯಿತು. ಗೌರಿಬಿದನೂರಿನ ಲೈನ್‌ಮನ್ ನಮ್ಮ ಭಾವ. ಅಂತರಪಟ ಸರಿಸಿದ ಕೂಡಲೇ ನಿನ್ನ ಮೂಗಿನ ಮೇಲೆ ಎದ್ದ ಚರ್ಮ ನೋಡಿ, "ಏನ್ರೀ, ಲೈಟ್ ಕಂಬದ ಪೇಂಟ್ ಎದ್ದಂಗೆ ಎದ್ದೈತೆ! ಯೋಚನೆ ಮಾಡ್ಬೇಡಿ, ಮಳೆಗಾಲ ಮುಗೀಲಿ, ನಾನೇ ಬಳೀತೀನಿ," ಅಂದರಲ್ಲ! ನೀನು ಪುರೋಹಿತರು ಬೈಯುವವರೆಗೂ ನಕ್ಕೆ. ವಿಡಿಯೋದವನು ನಿನ್ನ ಮುಖ ಹತ್ತಿರ ಬರುವ ಕಡೆಯಲ್ಲೆಲ್ಲ ತಾವರೆ ಹೂ ತಿರುಗಿಸಿಬಿಟ್ಟಿದ್ದ. ಈಗಲೂ ಆ ಸಿಡಿ ಹಾಕಿದರೆ ನಿನ್ನ ಮಕ್ಕಳು, ಅಮ್ಮ ಯಾಕೆ ಹೂವಾದಳು, ಎಂದು ಕೇಳುತ್ತಾರೆ. ಎಲ್ಲರೂ ಬಿದ್ದು ಬಿದ್ದು ನಗುತ್ತೇವೆ. ಅದು ನಗುವ ಮಾತೇ, ನಾನು ಅದನ್ನು ಅಳುವ ಮಾತು ಮಾಡುತ್ತಿಲ್ಲ.

ಇಪ್ಪತ್ತು ದಿನಕ್ಕೆ ನಿನ್ನ ಮುಖ ವಾಸಿಯಾಯಿತು. ಕಲೆ ಅರ್ಧಕ್ಕರ್ಧ ಹೋಗಿತ್ತು. ಅದನ್ನು ನೋಡಿ ನಾನು ಒಳಗೊಳಗೇ, ನೋಡು ನನ್ನ ಕೈಗುಣ, ಅಂದುಕೊಂಡೆ. ಒಳ್ಳೆಯದಾದದ್ದು ನನ್ನದು, ಕೆಟ್ಟದ್ದು ಅತ್ತೆಯದು — ಎಷ್ಟು ಸಲೀಸಾಗಿ ಹಂಚಿಬಿಟ್ಟೆ!

ಆಮೇಲೆ ಊರಿನಲ್ಲಿ ಯಾರೂ ಅತ್ತೆಯನ್ನು ನಲುಗಿಗೆ ಕರೆಯಲಿಲ್ಲ. ಜಗಳವಿಲ್ಲ, ಮಾತಿಲ್ಲ, ಸುಮ್ಮನೆ ಕರೆಯಲಿಲ್ಲ. ಆ ಹುಡುಗಿಯರೆಲ್ಲ ಎಲ್ಲಿಗೆ ಬಂದರು ಗೊತ್ತೇ? ನನ್ನ ಹತ್ತಿರ. ಈಗ ಶಿಡ್ಲಘಟ್ಟದಲ್ಲಿ ನನ್ನದೇ ಪಾರ್ಲರ್ ಇದೆ, ಬಾಗಿಲ ಮೇಲೆ ನನ್ನ ಹೆಸರಿದೆ. ನಾನು ಅತ್ತೆಯ ಕೈತಪ್ಪಿಸಿದ ಮದುವೆಗಳ ಮೇಲೆಯೇ ಅದು ನಿಂತಿದೆ.

ಹೋದ ವಾರ ಚಿಕ್ಕಪ್ಪನ ಮನೆಗೆ ಹೋಗಿದ್ದೆ, ಅವರ ಮಗಳು ಶ್ವೇತಳ ಮದುವೆಯ ಅಲಂಕಾರದ ಮಾತಿಗೆ. ನಲುಗಿಗೆಂದು ಅಂಗಡಿಯಿಂದ ಹಿಟ್ಟಿನ ಪಾಕೀಟು ತಂದಿಟ್ಟಿದ್ದರು. ಅತ್ತೆ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. "ಒಳಗೆ ಬಾರತ್ತೆ, ಪಾಕೀಟಿನ ಹಿಟ್ಟು ನೋಡುವಂತೆ," ಎಂದೆ. ತಲೆಯೆತ್ತದೆ, "ನೀನು ನೋಡಮ್ಮ, ಕಲಿತೋಳು. ನನ್ನ ಕೈ ಆಗಿಬರಲ್ಲ," ಎಂದಳು. ನಗುತ್ತಲೇ ಹೇಳಿದಳು ಅಕ್ಕ. ಊರು ಹೇಳಿದ್ದನ್ನು ಅವಳೂ ನಂಬಿಬಿಟ್ಟಿದ್ದಾಳೆ. ಅದು ನನಗೆ ಗೊತ್ತಿರಲಿಲ್ಲ. ಅವಳು ಬೇಜಾರಾಗಿದ್ದಾಳೆ, ಸಿಟ್ಟಾಗಿದ್ದಾಳೆ ಎಂದುಕೊಂಡಿದ್ದೆ — ತನ್ನ ಕೈಯೇ ಸರಿಯಿಲ್ಲವೆಂದುಕೊಂಡು ಎಂಟು ವರ್ಷ ಬದುಕಿದ್ದಾಳೆ ಎಂದು...

ಭಾನುವಾರ ಬೆಳಿಗ್ಗೆ ಶ್ವೇತಳಿಗೆ ನಲುಗು. ಹೆಂಗಸರೆಲ್ಲ ಸೇರಿದ ಮೇಲೆ, ಪಾಕೀಟು ಒಡೆಯುವ ಮುಂಚೆ, ನಾನು ಎದ್ದು ನಿಂತು ಇಷ್ಟನ್ನೂ ಹೇಳುತ್ತೇನೆ. ಬಾಟಲಿ ಕದ್ದದ್ದು, ನಿನಗೆ ಸುಳ್ಳು ಹೇಳಿದ್ದು, ಉಜ್ಜು ಎಂದದ್ದು. ನನ್ನ ಪಾರ್ಲರ್‌ಗೆ ಬರುವ ಅರ್ಧ ಜನ ಅಲ್ಲೇ ಕೂತಿರುತ್ತಾರೆ. ಆಮೇಲೆ ಬರುವವರು ಬರಲಿ, ಬಿಡುವವರು ಬಿಡಲಿ. ನಿನಗೆ ಮೊದಲು ಬರೆದದ್ದು, ಮುಖ ನಿನ್ನದು ಎನ್ನುವುದಕ್ಕೆ. ಕ್ಷಮಿಸು ಎಂದು ಬರೆಯಲು ಕೈ ಹೋಗುತ್ತದೆ, ತಡೆದುಕೊಳ್ಳುತ್ತೇನೆ. ಅತ್ತೆಯ ಎದುರು ನಿಲ್ಲುವ ಮೊದಲು ನಿನ್ನಿಂದ ಅದನ್ನು ತೆಗೆದುಕೊಂಡು ಹೋಗಬಾರದು.

ಅತ್ತೆ ಬೈದರೆ ನಿಂತು ಬೈಸಿಕೊಳ್ಳುತ್ತೇನೆ. ಹೊಡೆದರೆ ಹೊಡೆಸಿಕೊಳ್ಳುತ್ತೇನೆ. ಆದರೆ ಅತ್ತೆ ಗೊತ್ತಲ್ಲ ನಿನಗೆ — ಕೇಳಿಸಿಕೊಂಡು ನಕ್ಕುಬಿಟ್ಟರೆ, ಆಗ ನಾನು ಮುಖ ಎಲ್ಲಿಟ್ಟುಕೊಳ್ಳಲಿ ಎಂಬುದೊಂದೇ ನನಗೆ ತಿಳಿಯುತ್ತಿಲ್ಲ.